ಒಂದನೇ ನಂಬರಿನ ಬಿಲ್ಲೆ

ಫೆಬ್ರವರಿ 9

ಅತ್ತಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಲು ಪೆನ್ನು ಒಪ್ಪುತ್ತಿಲ್ಲ. ತಾತನ ಪಾದ ಹೋಯಿತು.

ನೀವು ಈ ಊರು ಬಿಟ್ಟು ಏಳು ವರ್ಷವಾಯಿತು. ಆದರೂ ತಾತ ನೆನಪಿರಬೇಕು. ಕಾಗದದ ಗಿರಣಿಯಲ್ಲಿ ಎಲ್ಲರಿಗಿಂತ ಹಳಬ, ಅಣ್ಣನಿಗೂ ನನಗೂ ಕೆಲಸ ಕಲಿಸಿದವನು. ಮೂರನೇ ತಾರೀಖು ರದ್ದಿ ಅರೆಯುವ ತೊಟ್ಟಿಯಲ್ಲಿ, ನಾವು ‘ದೊಡ್ಡಹೊಟ್ಟೆ’ ಅನ್ನುತ್ತೇವಲ್ಲ ಅದರಲ್ಲಿ, ಕಟ್ಟಿನ ತಂತಿ ಬ್ಲೇಡಿಗೆ ಸುತ್ತಿಕೊಂಡಿತ್ತು. ತಾತ ತನ್ನ ಬಿಲ್ಲೆಯನ್ನು ಸ್ವಿಚ್ಚಿನ ಹಿಡಿಗೆ ನೇತುಹಾಕಿ, ಏಣಿ ಇಳಿದು, ತಂತಿ ಕತ್ತರಿಸುತ್ತಾ ಕೂತಿದ್ದ. ಗಡಿಯಾರ ಬಂದ. ಹೌದು, ಅದೇ ಸೂಪರ್‌ವೈಸರ್. ಅಣ್ಣನನ್ನು ನುಂಗಿದ ಮೇಲೂ ಅವನ ಕೈಗಡಿಯಾರ ಒಂದು ನಿಮಿಷ ಹಿಂದೆ ಬಿದ್ದಿಲ್ಲ. “ಒಂದು ತಂತಿಗೆ ಇಷ್ಟೊತ್ತೇನ್ರೀ? ಒಳಗೆ ಮಲಗಿದಾನಾ?” ಅಂದ. ಬಿಲ್ಲೆ ಕಿತ್ತು ನೆಲಕ್ಕೆ ಎಸೆದ. ಹಿಡಿ ಎಳೆದ. ತಾತ ಏಣಿಗೆ ಜೋತುಬಿದ್ದದ್ದರಿಂದ ಜೀವ ಉಳಿಯಿತು. ಎಡಪಾದ ಕಾಗದದ ಜೊತೆ ಹೋಯಿತು.

ಆ ಬಿಲ್ಲೆ ಅಂದರೇನು ಎಂದು ನಿಮಗೆ ನಾನು ಹೇಳಬೇಕೇ? ಇದೇ ತೊಟ್ಟಿಯಲ್ಲಿ, ಇದೇ ಗಡಿಯಾರನ ಅವಸರಕ್ಕೆ ಅಣ್ಣ ಹೋದಾಗ ನಲವತ್ತೊಂದು ದಿನ ಗೇಟಿನ ಮುಂದೆ ಕೂತು ಗೆದ್ದದ್ದು. ತೊಟ್ಟಿಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಹಿಡಿಗೆ ಹಾಕಬೇಕು. ಅದು ನೇತಾಡುವಷ್ಟು ಹೊತ್ತು ಯಾವ ಕೈಯೂ ಹಿಡಿ ಮುಟ್ಟಬಾರದು. ಹಾಕಿದವನೇ ಬಂದು ತೆಗೆಯಬೇಕು. ಹಿಡಿಯ ಹತ್ತಿರ ನಿಂತವನಿಗೆ ತೊಟ್ಟಿಯ ಒಳಗು ಕಾಣುವುದಿಲ್ಲ. ಒಳಗೆ ಮನುಷ್ಯನಿದ್ದಾನೆ ಎಂದು ಹೇಳುವುದು ಆ ಬಿಲ್ಲೆಯೊಂದೇ. ಅದು ಕಂಪನಿ ಕೊಟ್ಟ ಭಿಕ್ಷೆಯಲ್ಲ, ನಾವೇ ಮಾಡಿಕೊಂಡ ಒಂದೇ ಒಂದು ಕಾನೂನು.

ಅವತ್ತೇ ಮಧ್ಯಾಹ್ನ ಆರುನೂರು ಜನ ಹೊರಬಂದೆವು. ಮಾರನೇ ದಿನವೇ ನಮ್ಮ ಜಾಗಕ್ಕೆ ಬದಲಿಗಳನ್ನು ಪೊಲೀಸ್ ವ್ಯಾನಿನ ಹಿಂದೆ ತುಂಬಿಕೊಂಡು ಬಂದರು. ಅವರಿಗೆ ತೊಟ್ಟಿ ಕೆಲಸ ಬಾರದು. ಹಾಗಾಗಿ ಗಡಿಯಾರ ತಾನೇ ಇಳಿಯುತ್ತಿದ್ದಾನಂತೆ. ಇಳಿಯುವ ಮುಂಚೆ ಏನು ಮಾಡುತ್ತಾನೆ ಗೊತ್ತೇ? ತನ್ನ ಒಂದನೇ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಿಡಿಗೆ ನೇತುಹಾಕುತ್ತಾನೆ! ನಮ್ಮ ಕುತ್ತಿಗೆಗೆ ಇಲ್ಲದ ಕಾನೂನು ಅವನ ಕುತ್ತಿಗೆಗೆ ಬೇಕು.

ಸಂಘದ ಕಾರ್ಯದರ್ಶಿ “ಶಾಂತಿ, ಶಾಂತಿ” ಅನ್ನುತ್ತಾರೆ. ಹುಡುಗರು “ಅವನ ಮೂಳೆ ಮುರೀಬೇಕು” ಅನ್ನುತ್ತಾರೆ. ಆಸ್ಪತ್ರೆಯಲ್ಲಿ ತಾತ ಮಾತ್ರ ನಗುತ್ತಾನೆ. “ಇನ್ಮೇಲೆ ಒಂದೇ ಚಪ್ಪಲಿ ಸವೀತದೆ ಕಣೋ, ಲಾಭವೇ” ಅಂದ. ನಾನು ಹೊರಗೆ ಬಂದು ಗೋಡೆಗೆ ಗುದ್ದಿದೆ. ಹೊಡೆಯುವುದು ತಪ್ಪಲ್ಲವೇ ಅತ್ತಿಗೆ? ವೇದಿಕೆಯ ಮೇಲೆ ನಿಂತು ಮಾತಾಡಿದವರು ನೀವು. ನೀವೇ ಹೇಳಿ.

ನಿಮ್ಮ ಮೈದುನ


ಫೆಬ್ರವರಿ 14

ಮೈದುನ,

ಇಡೀ ದಿನ ಈ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದುವ ಕೆಲಸ ನನ್ನದು. ಇವತ್ತು ನಿನ್ನ ಒಂದು ವಾಕ್ಯ ತಿದ್ದಬೇಕಾಗಿದೆ. ‘ಹೊಡೆಯುವುದು ತಪ್ಪಲ್ಲವೇ’ ಎಂದು ಯಾರನ್ನು ಕೇಳುತ್ತಿದ್ದೀಯ ನೀನು? ಗಂಡನನ್ನು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟಾಗ ಆ ಚೀಲ ಎತ್ತಿಕೊಂಡವಳನ್ನು. ಚೀಲ ಹಗುರವಾಗಿತ್ತು. ಅವರ ಉಳಿದ ಮೈ ಎಲ್ಲಿ ಎಂದು ಕೇಳಿದರೆ ಗಡಿಯಾರ ಮಣಿಕಟ್ಟು ನೋಡಿಕೊಂಡ. ಅಷ್ಟೇ ಅವನ ಉತ್ತರ.

ಸರಿ-ತಪ್ಪಿನ ಪಾಠ ಹೇಳುವವರನ್ನೆಲ್ಲ ಒಂದು ಸಲ ಆ ಏಣಿ ಇಳಿಸು. ಒದೆ ತಿಂದವನು ತಿರುಗಿ ಹೊಡೆದರೆ ಅದಕ್ಕೆ ಹಿಂಸೆ ಎಂದು ಹೆಸರಿಟ್ಟವರು ಒದ್ದವರೇ. ಒದ್ದದ್ದಕ್ಕೆ ಅವರು ಇಟ್ಟ ಹೆಸರು ಶಿಸ್ತು. ಕೈ ಕಟ್ಟಿ ಕೂತವನ ಕೈ ಸ್ವಚ್ಛ ಎಂದು ಯಾರು ಹೇಳಿದರು ನಿನಗೆ? ತಾತನ ಕಾಲು ಹೋದಾಗ ಸುತ್ತ ನಿಂತಿದ್ದ ಕೈಗಳೆಷ್ಟು, ಎಣಿಸಿದೆಯಾ?

ಗಡಿಯಾರ ತೊಟ್ಟಿಗೆ ಇಳಿಯುತ್ತಾನೆ ಎಂದು ಬರೆದೆ. ಏಳು ವರ್ಷದಿಂದ ಆ ತೊಟ್ಟಿ ಅವನನ್ನು ಕರೆಯುತ್ತಿದೆ. ಅವನು ಒಳಗಿರುವಾಗ ಹಿಡಿಯ ಹತ್ತಿರ ನೀನಿದ್ದರೆ ನಿನ್ನ ಕೈ ನಡುಗಬಾರದು. ನಡುಗಿದರೆ ನನಗೆ ಮುಖ ತೋರಿಸಬೇಡ.

ಅತ್ತಿಗೆ


ಫೆಬ್ರವರಿ 17

ಮೈದುನ,

ಇದನ್ನು ಯಾರಿಗೂ ತೋರಿಸಬೇಡ, ನಿನ್ನ ಕಾರ್ಯದರ್ಶಿಗೂ.

ನಮ್ಮ ಪ್ರೆಸ್ಸಿನ ಬೈಂಡರ್ ಒಬ್ಬರನ್ನು ಕಳಿಸುತ್ತಿದ್ದೇನೆ. ನಾಳೆ ಹೊರಡುತ್ತಾರೆ. ಬದಲಿಗಳ ಜೊತೆ ಬದಲಿಯಾಗಿ ಒಳಗೆ ಸೇರುತ್ತಾರೆ, ಬೇರೆ ಹೆಸರು ಹೇಳಿಕೊಂಡು. ಗಿರಣಿಯೊಳಗೆ ಏನು ನಡೆಯುತ್ತಿದೆ ಎಂದು ನಮ್ಮವರಿಗೆ ತಿಳಿಯಬೇಕು. ಆ ಬದಲಿಗಳಿಗೂ ಯಾರಾದರೂ ತಿಳಿಹೇಳಬೇಕು. ಅವರೂ ಹೊಟ್ಟೆಪಾಡಿಗೆ ಬಂದವರೇ ಅಲ್ಲವೇ? ಇಪ್ಪತ್ತನೇ ತಾರೀಖು ಸಂಜೆ ನಿನ್ನ ರೂಮಿಗೆ ಬಂದು ಕಾಣುತ್ತಾರೆ.

ಮೆತ್ತಗಿನ ಮನುಷ್ಯ, ನೋಡಿ ನಗಬೇಡ. ಇರುವೆ ಅಡ್ಡ ಬಂದರೆ ದಾರಿ ಬಿಡುವವರು. ಊಟಕ್ಕೆ ಕರೆದರೆ “ಇರಿ, ಇನ್ನೊಂದು ಹೊಲಿಗೆ ಇದೆ” ಅನ್ನುತ್ತಾರೆ. ಆ ಒಂದು ಹೊಲಿಗೆ ಮುಗಿಯುವುದರಲ್ಲಿ ಅನ್ನ ಆರಿರುತ್ತದೆ. ಬಿಲ್ಲೆ ಇಲ್ಲದೆ ತೊಟ್ಟಿಗೆ ಇಳಿಯಬಾರದು ಎಂದು ಮಾತು ತೆಗೆದುಕೊಂಡಿದ್ದೇನೆ. ಚೆನ್ನಾಗಿ ನೋಡಿಕೋ. ಅವರ ಬಗ್ಗೆ ಇನ್ನೊಂದು ವಿಷಯವಿದೆ, ಅದನ್ನು ನೀನು ಅವರನ್ನು ನೋಡಿದ ಮೇಲೆ ಬರೆಯುತ್ತೇನೆ.

ಅತ್ತಿಗೆ


ಫೆಬ್ರವರಿ 21

ಅತ್ತಿಗೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಪ್ರೆಸ್ಸಿಗೆ ಕಾಗದದ ರೀಲು ತರುವ ಲಾರಿ ಡ್ರೈವರ್ ನಮ್ಮವನೇ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ಹದಿನೆಂಟನೇ ತಾರೀಖು ಮುಷ್ಕರದವರನ್ನು ಹಿಡಿಯಲು ನನ್ನ ರೂಮಿಗೂ ಪೊಲೀಸರು ಬಂದಿದ್ದರು. ಹಿತ್ತಲ ಗೋಡೆ ಹಾರಿದೆ. ಅಂದಿನಿಂದ ಗಿರಣಿ ಗೇಟಿನ ಎದುರು ಚಪ್ಪಲಿ ಹೊಲಿಯುವವನ ಗೂಡಂಗಡಿಯ ಅಟ್ಟದಲ್ಲಿದ್ದೇನೆ. ನಿಮ್ಮ ಹದಿನಾಲ್ಕರ ಪತ್ರ ಮಾತ್ರ ಜೇಬಿನಲ್ಲಿತ್ತು. ಮಡಿಕೆಯ ಹತ್ತಿರ ಅಕ್ಷರ ಅಳಿಸುವಷ್ಟು ಸಲ ಓದಿದೆ.

ಕೆಲಸ ಆಯಿತು.

ಊಟದ ಸೈರನ್ ಆದ ಮೇಲೆ ರದ್ದಿ ಅಂಗಳದ ಮುರಿದ ತಗಡಿನ ಸಂದಿಯಿಂದ ಒಳಗೆ ಹೋದೆ. ಬದಲಿಗಳೆಲ್ಲ ಊಟಕ್ಕೆ ಹೋಗಿದ್ದರು. ದೊಡ್ಡಹೊಟ್ಟೆ ನಿಂತಿತ್ತು. ಹಿಡಿಗೆ ಒಂದನೇ ನಂಬರಿನ ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು, ಬಿಸಿಲಿಗೆ ಮಿಂಚುತ್ತಾ. ಒಳಗಿಂದ ಕಟರಿನ ಸದ್ದು, ಟಕ್, ಟಕ್. ಬಿಲ್ಲೆ ತೆಗೆದೆ. ಒಳಗಿಂದ ಏನೋ ಅಂದ. ಏನಂದ ಎಂದು ಕೇಳಿಸಲಿಲ್ಲ. ಹಿಡಿ ಎಳೆದೆ.

ಕೈ ನಡುಗಲಿಲ್ಲ ಅತ್ತಿಗೆ. ಗಡಿಯಾರ ನಿಂತಿತು. ಅಣ್ಣನಿಗೆ ಹೇಳಿ.

ನಿಮ್ಮ ಮೈದುನ


ಫೆಬ್ರವರಿ 23

ಮೈದುನ,

ನಿನ್ನ ಚೀಟಿ ಓದಿ ಒಲೆಗೆ ಹಾಕಿದೆ. ಉರಿಯುವ ತನಕ ನೋಡುತ್ತಾ ನಿಂತಿದ್ದೆ. ಆಮೇಲೆ ಊಟಕ್ಕೆ ಕೂತೆ. ಎರಡು ಸಲ ಬಡಿಸಿಕೊಂಡೆ. ಏಳು ವರ್ಷದಲ್ಲಿ ಹೊಟ್ಟೆ ತುಂಬಿದ್ದು ಇವತ್ತೇ. ಜೊತೆಗಿರುವ ಕಂಪೋಸಿಟರ್ ಹುಡುಗಿ “ಏನಕ್ಕಾ, ಇವತ್ತು ಮುಖದಲ್ಲಿ ಕಳೆ?” ಅಂದಳು. “ಹಳೇ ಬಾಕಿ ತೀರಿತು” ಅಂದೆ. ಯಾರಾದರೂ ಸತ್ತದ್ದಕ್ಕೆ ಹಸಿವಾಗುವುದು ಸರಿಯೇ ಎಂದು ಕೇಳಿಕೊಳ್ಳಬೇಕಿತ್ತೇನೋ. ಕೇಳಿಕೊಳ್ಳಲಿಲ್ಲ.

ನೀನು ಆ ಅಟ್ಟ ಬಿಟ್ಟು ಹೊರಗೆ ಬರಬೇಡ. ಒಂದು ಮಾತು: ರೂಮು ಬಿಟ್ಟೆ ಎಂದು ಬರೆದಿದ್ದೀಯ. ಹಾಗಾದರೆ ನನ್ನ ಹದಿನೇಳರ ಪತ್ರ ನಿನಗೆ ಸಿಕ್ಕಿತೇ? ಬೈಂಡರ್ ಬಂದು ಕಂಡರೇ? ಗಲಾಟೆಯಲ್ಲಿ ಬದಲಿಗಳನ್ನು ಯಾರೂ ಹೊಡೆಯದಂತೆ ನೋಡಿಕೋ. ಡ್ರೈವರ್ ವಾಪಸ್ ಬರುವಾಗ ಒಂದೇ ಸಾಲು ಬರೆದರೂ ಸಾಕು, ಕಂಡೆ ಎಂದು.

ಅತ್ತಿಗೆ


ಫೆಬ್ರವರಿ 24

ಅತ್ತಿಗೆ,

ಡ್ರೈವರ್ ನಿಮ್ಮ ಉತ್ತರಕ್ಕೆ ಕಾಯದೆ ವಾಪಸ್ ಬಂದಿದ್ದಾನೆ. ಬರುವ ಮುಂಚೆ ಬರೆಯುತ್ತಿದ್ದೇನೆ.

ಅವನು ಸತ್ತಿಲ್ಲ.

ನಿನ್ನೆ ಬೆಳಿಗ್ಗೆ ಗೂಡಂಗಡಿಯ ಸಂದಿಯಿಂದ ನೋಡಿದೆ. ಗೇಟಿನ ಮುಂದೆ ಗಡಿಯಾರ ನಿಂತಿದ್ದ. ಮಣಿಕಟ್ಟು ನೋಡಿಕೊಂಡ. ನನಗೆ ದೆವ್ವ ಕಂಡಂತಾಗಿ ಅಟ್ಟದ ತೊಲೆಗೆ ತಲೆ ಬಡಿಯಿತು. ದೆವ್ವವಲ್ಲ, ಆಕಳಿಸಿದ. ದೆವ್ವ ಆಕಳಿಸುವುದಿಲ್ಲ.

ಸತ್ತವನು ಒಬ್ಬ ಬದಲಿ. ಬಂದು ಮೂರು ದಿನವೂ ಆಗಿರಲಿಲ್ಲ. ಅವತ್ತು ರೀಲು ತುಂಬಲು ಒಳಗಿದ್ದ ಡ್ರೈವರ್ ಹೇಳಿದ: ತೊಟ್ಟಿಗೆ ಇಳಿ ಎಂದರೆ ಆ ಹೊಸಬ “ಬಿಲ್ಲೆ ಇಲ್ದೆ ಇಳಿಯಲ್ಲ ಸಾರ್” ಅಂದನಂತೆ. ಬದಲಿಗಳಿಗೆ ಬಿಲ್ಲೆ ಎಲ್ಲಿಂದ ಬರಬೇಕು? ಗಡಿಯಾರ ನಕ್ಕು “ತಗೊಳ್ಳಪ್ಪ ದೊರೆ” ಎಂದು ತನ್ನ ಬಿಲ್ಲೆಯನ್ನೇ ಬಿಚ್ಚಿ ಎಸೆದನಂತೆ.

ನಾನು ನಂಬರು ಓದಿದೆ ಅತ್ತಿಗೆ. ಈ ಗಿರಣಿಯಲ್ಲಿ ಬಿಲ್ಲೆ ಸುಳ್ಳು ಹೇಳುವುದಿಲ್ಲ ಎಂದು ಏಳು ವರ್ಷದಿಂದ ನಂಬಿದವನು. ಬೇರೆ ಯಾರಾಗಿದ್ದರೂ ಬಗ್ಗಿ ನೋಡುತ್ತಿದ್ದರು. ತೊಟ್ಟಿ ಕೆಲಸದವನು ನೋಡುವುದಿಲ್ಲ, ನಂಬರು ಓದುತ್ತಾನೆ.

ಗೆಳೆಯರು “ಬದಲಿ ತಾನೆ? ಬರುವಾಗಲೇ ಗೊತ್ತಿರಬೇಕಿತ್ತು. ಒಂದು ಕೂಲಿ ನಾಯಿ ಕಡಿಮೆ” ಅಂದರು. ಯಾರು ಮಾಡಿದ್ದೆಂದು ಅವರಿಗೆ ತಿಳಿಯದು. ನಾನೂ ಹೌದು ಅಂದೆ. ಹೆಣ ತಾಡಪಾಲಿನಲ್ಲಿ ಸುತ್ತಿ ಒಯ್ಯುವುದನ್ನೂ ಅದೇ ಸಂದಿಯಿಂದ ಕಂಡಿದ್ದೆ, ಒಂದು ಕೈ ಹೊರಗೆ ಜೋತಿತ್ತು. ಅದು ಕೂಲಿಯವನ ಕೈಯಂತಿರಲಿಲ್ಲ.

ಈಗಷ್ಟೇ ನನ್ನ ರೂಮಿನ ಓನರಮ್ಮ, ಚಪ್ಪಲಿ ಹೊಲಿಯುವವನಿಂದ ಜಾಗ ತಿಳಿದು, ಬಂದು ಹೋದರು. “ಬಾಡಿಗೆ ಬಿಟ್ಟು ಓಡಿಹೋದೋನಿಗೆ ಪತ್ರ ಬೇರೆ ಕೇಡು” ಎಂದು ಬೈಯುತ್ತಾ ನಾಲ್ಕು ದಿನದಿಂದ ಅವರ ಹತ್ತಿರ ಬಿದ್ದಿದ್ದ ಲಕೋಟೆ ಎಸೆದು ಹೋದರು. ನಿಮ್ಮ ಹದಿನೇಳರ ಪತ್ರ.

ಓದಿದೆ.

ಅತ್ತಿಗೆ, ನೀವು ಕಳಿಸಿದವರ ಬೆರಳುಗಳು ಹೇಗಿದ್ದವು?


ಮಾರ್ಚ್ 11

ತೋರುಬೆರಳಿನ ಬದಿಯಲ್ಲಿ ದಾರ ಎಳೆದೆಳೆದು ಬಿದ್ದ ಗೆರೆ. ಉಗುರಿನ ಸಂದಿಯಲ್ಲಿ ಗೋಂದು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಹದಿನೈದು ದಿನ ದಿನಕ್ಕೊಂದು ಪತ್ರ ಬರೆದು ಹರಿದಿದ್ದೇನೆ. ಮೊದಲ ದಿನದ್ದರಲ್ಲಿ ನಿನ್ನನ್ನು ಕೊಲೆಗಾರ ಎಂದು ಬರೆದಿದ್ದೆ. ಎರಡನೇ ದಿನ ಅದನ್ನು ಓದಿದೆ. ಒಲೆಗೆ ಹಾಕಿದೆ. ನಾನು ಏನು ಎಂದು ಬರೆಯಲು ಪದ ಸಿಗಲಿಲ್ಲ.

ನೋಡಿದ ಮೇಲೆ ಬರೆಯುತ್ತೇನೆ ಎಂದಿದ್ದ ವಿಷಯ ಇದು. ಅವರು ನನ್ನನ್ನು ಮದುವೆಯಾಗಲು ಕೇಳಿದ್ದರು. ನಾನು ಹೂಂ ಅಂದಿದ್ದೆ. ನಿನಗೆ ಹೇಳಲು ಹೆದರಿ, ನೀನೇ ಅವರನ್ನು ನೋಡಿ ಮೆಚ್ಚಲಿ ಎಂದು ಕಳಿಸಿದೆ. ಸುದ್ದಿ ತರಲು ಕಳಿಸಿದ್ದು ಅರ್ಧ ನೆಪ. ನಿನ್ನ ಅಣ್ಣನ ಹಳೇ ನೋಟುಪುಸ್ತಕಗಳನ್ನೆಲ್ಲ ಹೊಲಿದು ರಟ್ಟು ಹಾಕಿ ಕೊಟ್ಟವರು ಅವರು. “ಇದು ನಿಮ್ಮ ಮೈದುನನಿಗೆ ಸೇರಬೇಕು” ಅನ್ನುತ್ತಿದ್ದರು.

ಬಿಲ್ಲೆ ಇಲ್ಲದೆ ಇಳಿಯಬೇಡಿ ಎಂದು ನಾನೇ ಮಾತು ತೆಗೆದುಕೊಂಡೆ. ಅವರು ಮಾತು ಉಳಿಸಿಕೊಂಡರು.

ಹೆಣ ಕೇಳಲು ಬರಲಿಲ್ಲ. ಬಂದರೆ ನಿನ್ನ ಹೆಸರು ಹೊರಗೆ ಬರುತ್ತದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಇನ್ನೊಂದು ಚೀಲ ಎತ್ತುವ ಶಕ್ತಿ ಇರಲಿಲ್ಲ. ಸುಳ್ಳು ಹೆಸರಿನಲ್ಲೇ ಮಣ್ಣಾದರು ಎಂದು ಡ್ರೈವರ್ ಹೇಳಿದ.

ಒಂದು ಪ್ರಶ್ನೆ ಬಿಡುತ್ತಿಲ್ಲ. ಆ ಕೈ ಯಾರದೋ ಬದಲಿಯದಾಗಿದ್ದರೆ ನಾನು ಅಳುತ್ತಿದ್ದೆನೇ? “ಪಾಪ” ಎಂದು ಒಂದು ಸಾಲು ಬರೆದು ಮುಂದಿನ ಕೆಲಸ ನೋಡುತ್ತಿದ್ದೆ. ಗಡಿಯಾರನದಾಗಿದ್ದರೆ? ಉಂಡೆನಲ್ಲ. ಅವರ ಹೆಣದ ಮೇಲೆ ಕೂತು ಎರಡು ಸಲ ಬಡಿಸಿಕೊಂಡು ಉಂಡೆನಲ್ಲ.


ಮಾರ್ಚ್ 15

ಅತ್ತಿಗೆ,

ಹಾಗೆ ಕರೆಯುವ ಹಕ್ಕು ಇದೆಯೋ ಇಲ್ಲವೋ ತಿಳಿಯದು. ಬೇರೆ ಏನೆಂದು ಕರೆಯಲಿ? ಕ್ಷಮೆ ಕೇಳುವುದಿಲ್ಲ, ಆ ಪದವನ್ನು ನಿಮ್ಮ ಮುಂದೆ ಇಡಲು ನಾಚಿಕೆ.

ಪೊಲೀಸರು ಮುಷ್ಕರದವರನ್ನು ಹಿಡಿಯುವುದು ನಿಲ್ಲಿಸಿದ ಮೇಲೆ ಅಟ್ಟ ಬಿಟ್ಟು ಹೊರಗೆ ಬಂದಿದ್ದೇನೆ. ಕಂಪನಿಯವರು ಗೇಟಿಗೆ ವರದಿ ಅಂಟಿಸಿದ್ದಾರೆ. “ಸದರಿ ಕಾರ್ಮಿಕನು ಬಿಲ್ಲೆ ಹಾಕದೆ, ಸ್ವಂತ ಅಜಾಗರೂಕತೆಯಿಂದ ತೊಟ್ಟಿಗೆ ಇಳಿದಿರುತ್ತಾನೆ. ನಿಂತ ಯಂತ್ರವೆಂದು ತಿಳಿದು ಇನ್ನೊಬ್ಬರು ಚಾಲೂ ಮಾಡಿರುತ್ತಾರೆ.” ಆ ಇನ್ನೊಬ್ಬರು ಯಾರೆಂದು ಯಾರೂ ಕೇಳಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಬಿಲ್ಲೆ ಪದ್ಧತಿಯಿಂದ ಯಾವ ಪ್ರಯೋಜನವೂ ಇಲ್ಲವೆಂದು ಇದರಿಂದ ಸಾಬೀತಾಗಿರುವುದರಿಂದ ಅದನ್ನು ರದ್ದು ಮಾಡಲಾಗಿದೆ. ಓದುತ್ತಾ ನಿಂತ ಒಬ್ಬ “ಮೊದಲ ಪಾಠಾನೇ ಕಲೀದೋನು, ದಡ್ಡ, ಸತ್ತ” ಅಂದ. ಬಿಲ್ಲೆ ಕೊಡದೆ ಇಳಿಯುವುದಿಲ್ಲ ಎಂದು ಹಟ ಹಿಡಿದವರನ್ನು ದಡ್ಡ ಅಂದ. ನಾನು ಸುಮ್ಮನೆ ನಿಂತಿದ್ದೆ.

ಯಾಕೆಂದರೆ ಅವರು ಬಿಲ್ಲೆ ಹಾಕಿದ್ದರು ಎನ್ನುವುದಕ್ಕೆ ಲೋಕದಲ್ಲಿ ಒಂದೇ ಸಾಕ್ಷಿ. ಅದು ನನ್ನ ಜೇಬಿನಲ್ಲಿದೆ. ಅವತ್ತು ಓಡುವಾಗ ಮುಷ್ಟಿಯಲ್ಲೇ ಉಳಿದಿತ್ತು. ಗಡಿಯಾರ ಬಿಲ್ಲೆ ಬಿಚ್ಚಿ ಎಸೆದದ್ದನ್ನು ಡ್ರೈವರ್ ಕಂಡಿದ್ದ. ಅವನು ಬಾಯಿಬಿಟ್ಟರೆ ಲಾರಿ ಹೋಗುತ್ತದೆ, ಬಿಡಲಾರ. ಗಡಿಯಾರ ಹೊಸದೊಂದು ಒಂದನೇ ನಂಬರು ಮಾಡಿಸಿ ಎದೆಗೆ ಸಿಕ್ಕಿಸಿಕೊಂಡಿದ್ದಾನೆ. ಹಳೆಯದು ಹೊರಗೆ ಬಂದರೆ ಅವನ ಸುಳ್ಳು ಬಯಲು, ನನ್ನ ಕೊಲೆಯೂ ಬಯಲು. ಇಬ್ಬರೂ ಒಂದೇ ಮೌನ ಕಾಯುತ್ತಿದ್ದೇವೆ. ಏಳು ವರ್ಷ ಯಾರನ್ನು ಕೊಲ್ಲಬೇಕೆಂದು ಹಲ್ಲು ಕಡಿದೆನೋ ಅವನೂ ನಾನೂ ಈಗ ಒಂದೇ ಸಂಘ ಅತ್ತಿಗೆ. ಚಂದಾ ಕೊಡುವುದೊಂದು ಬಾಕಿ.

ಕಾರ್ಯದರ್ಶಿಗೆ ಹೇಳಿದೆ. ಮೊದಲು ಕುರ್ಚಿಯಿಂದ ಎದ್ದರು, ಆಮೇಲೆ ಬಾಗಿಲು ಹಾಕಿದರು. “ಬಾಯಿ ಹೊಲ್ಕೊ. ಒಬ್ಬ ಸತ್ತವನಿಗೋಸ್ಕರ ಆರುನೂರು ಮನೆ ಒಲೆ ಆರಿಸ್ತೀಯಾ? ಸಂಘ ಅಂದ್ರೆ ಕೊಲೆಗಡುಕರು ಅಂತ ಬರೆಯಕ್ಕೆ ಕಾಯ್ತಿದಾರೆ” ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಅದೇ ಕಷ್ಟ.

ಬಿಲ್ಲೆಯನ್ನು ಇದರ ಜೊತೆ ಇಟ್ಟಿದ್ದೇನೆ. ಹೊಳೆಗೆ ಹಾಕುತ್ತೀರೋ ಪೊಲೀಸರಿಗೆ ಕೊಡುತ್ತೀರೋ, ನೀವೇ ತೀರ್ಮಾನ ಮಾಡಿ. ನೀವು ಹೇಳಿದ ಹಾಗೆ.

ಮೈದುನ


ಮಾರ್ಚ್ 20

ಮೈದುನ,

ಬಿಲ್ಲೆಯನ್ನು ವಾಪಸ್ ಕಳಿಸಿದ್ದೇನೆ. ಒಂದು ರಾತ್ರಿಯೂ ನನ್ನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ‘ನೀವು ಹೇಳಿದ ಹಾಗೆ’ ಎನ್ನುವ ಮಾತನ್ನು ಇನ್ನು ನನಗೆ ಬರೆಯಬೇಡ. ಹೋದ ತಿಂಗಳು ನಾನು ಹೇಳಿದ ಹಾಗೆಯೇ ಮಾಡಿದೆ. ಎಳೆದದ್ದು ನೀನು, ಹಿಡಿ ನಾನಾಗಿದ್ದೆ. ಎರಡನೇ ಸಲ ಆಗಲಾರೆ.

ನೂರು ವೇದಿಕೆಯ ಮೇಲೆ ಕೂಗಿದವಳಿಗೆ ಹಿಂಸೆ ಸರಿಯೋ ತಪ್ಪೋ ಎಂದು ಇವತ್ತು ಯಾರಾದರೂ ಕೇಳಿದರೆ ನಾಲಿಗೆ ಹೊರಳುವುದಿಲ್ಲ. ಆದರೆ ಇಷ್ಟು ಗೊತ್ತು. ತಾತ ಒಳಗಿದ್ದಾಗ ಗಡಿಯಾರ ಹಿಡಿಗೆ ಕೈ ಹಾಕಿದನಲ್ಲ, ಆ ಗಳಿಗೆಯಲ್ಲಿ ಯಾರಾದರೂ ಅವನ ಮಣಿಕಟ್ಟು ಮುರಿದಿದ್ದರೆ, ಹಾಗೆ ಮುರಿದವರ ಕೈಯನ್ನು ನಾನು ಇವತ್ತೂ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಅದಕ್ಕೆ ಪಾಪ ಬರುವುದಾದರೆ ನನಗೆ ಬರಲಿ. ಅಲ್ಲಿ ಒಂದು ಜೀವ ಉಳಿಯುತ್ತಿತ್ತು. ಇಪ್ಪತ್ತೊಂದನೇ ತಾರೀಖು ನೀನು ಹೋದಾಗ ಉಳಿಸಲು ಯಾವ ಜೀವ ಇತ್ತು? ತಾತ ಆಸ್ಪತ್ರೆಯಲ್ಲಿದ್ದ, ನಿನ್ನ ಅಣ್ಣ ಮಣ್ಣಿನಲ್ಲಿದ್ದರು. ನೀನು ಆ ಕೈಯನ್ನು ತಡೆಯಲು ಹೋಗಲಿಲ್ಲ. ಆ ಕೈಯೇ ಆದೆ. ಬಿಲ್ಲೆ ಕಿತ್ತೆ, ಹಿಡಿ ಎಳೆದೆ. ಗಡಿಯಾರ ಮಾಡಿದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಹುಡುಕಿದೆ, ಪ್ರೂಫ್ ನೋಡುವ ಕಣ್ಣು ನನ್ನದು. ಸಿಗಲಿಲ್ಲ.

ನೀನು ‘ನಂಬರು ಓದಿದೆ’ ಎಂದು ಬರೆದಿದ್ದೆ. ನಂಬರು ಓದಿ ನೋಡು ಎನ್ನುವ ಕಾನೂನನ್ನು ನಾವು ಎಂದು ಮಾಡಿದ್ದೆವು? ಬಿಲ್ಲೆ ನೇತಾಡುತ್ತಿದ್ದರೆ ಮುಟ್ಟಬಾರದು. ಅಷ್ಟೇ. ಹದಿನೇಳರದಾದರೂ ಅಷ್ಟೇ, ಇನ್ನೂರರದಾದರೂ ಅಷ್ಟೇ. ಒಂದನೆಯದಾದರೂ ಅಷ್ಟೇ.

ಅದನ್ನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನೀನೇ ಎತ್ತಬೇಕು ನಿನ್ನ ಕೈ.

ಅತ್ತಿಗೆ


ಮಾರ್ಚ್ 28

ಅತ್ತಿಗೆ,

ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದನ್ನು ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದಂತೆ ತಾತನ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ಮೊನ್ನೆ ತಾತ ಆಸ್ಪತ್ರೆ ಬಿಟ್ಟು ಊರುಗೋಲು ಹಿಡಿದು ನೇರ ಗೇಟಿಗೆ ಬಂದ. ನಾನು ಒಳಗೆ ಹೋಗಬೇಕು ತಾತ ಅಂದೆ. ಯಾಕೆ ಎಂದು ಕೇಳಲಿಲ್ಲ. “ನಡಿ, ಇಬ್ರಿಗೂ ಸೇರಿ ಮೂರು ಕಾಲಿವೆ” ಅಂದ. ಊರುಗೋಲಿನ ಮುದುಕನನ್ನು ತಳ್ಳಲು ಕಾವಲುಗಾರನಿಗೆ ಕೈ ಬರಲಿಲ್ಲ. ನಮ್ಮ ಹಿಂದೆ ಹುಡುಗರು ನುಗ್ಗಿದರು, ಹೊಡೆದಾಟ ಅಂದುಕೊಂಡು. ಒಳಗೆ ಬದಲಿಗಳು ಕೈಗೆ ಸಿಕ್ಕಿದ ಸರಳು ಹಿಡಿದು ನಿಂತರು.

ನಾನು ನೇರ ಹಿಡಿಯ ಹತ್ತಿರ ಹೋಗಿ ಬಿಲ್ಲೆ ನೇತುಹಾಕಿದೆ. “ಇದು ನಂದಲ್ಲ. ಇಲ್ಲಿಂದ ನಾನು ಕಿತ್ಕೊಂಡು ಹೋಗಿದ್ದೆ. ಹಾಕಿದ್ದು ಆ ಸತ್ತ ಹೊಸಬರು. ಅವರು ಬಿಲ್ಲೆ ಹಾಕೇ ಇಳಿದಿದ್ರು. ಕೊಂದಿದ್ದು ನಾನು” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಗಡಿಯಾರ ನುಗ್ಗಿ ಬಂದ. “ನನ್ನ ಬಿಲ್ಲೆ ಕೊಡೋ ಇಲ್ಲಿ!” ಎಂದು ಕಿರುಚಿದ. ಕಿರುಚಿದ ಮೇಲೆ ಅವನಿಗೇ ಗೊತ್ತಾಯಿತು. ಎಲ್ಲರ ಕಣ್ಣು ಅವನ ಎದೆಯ ಮೇಲಿದ್ದ ಹೊಸ ಒಂದನೇ ನಂಬರಿಗೆ ಹೋಯಿತು, ಅಲ್ಲಿಂದ ಹಿಡಿಯ ಮೇಲಿನ ಹಳೇ ಒಂದನೇ ನಂಬರಿಗೆ. ಆದರೂ ಕೈ ಚಾಚಿದ. ಆಗ ಒಬ್ಬ ಬದಲಿ, ನನಗೆ ಪರಿಚಯವೇ ಇಲ್ಲ, ಅವನ ಮಣಿಕಟ್ಟು ಹಿಡಿದ. “ಹಾಕಿದೋರೇ ತೆಗೀಬೇಕಲ್ವಾ ಸಾರ್?” ಅಂದ. ಹಿಡಿದ ಬಿಗಿಗೆ ಕೈಗಡಿಯಾರದ ಗಾಜು ಒಡೆಯಿತು. ಆ ಕಾನೂನು ನಿನಗೆ ಯಾರು ಹೇಳಿದ್ದು ಎಂದು ತಾತ ಕೇಳಿದ. “ಆ ಹೊಸಬರೇ. ಎರಡು ದಿನವೂ ಊಟಕ್ಕೆ ಕೂತಾಗ ಎಲ್ರಿಗೂ ಅದನ್ನೇ ಹೇಳೋರು” ಅಂದ.

ಆಮೇಲೆ ತಾತ ನನಗೆ ಹೊಡೆದ. ಊರುಗೋಲು ಬಿಟ್ಟು, ಒಂದೇ ಕಾಲ ಮೇಲೆ ನಿಂತು, ಕೆನ್ನೆಗೆ. “ನನ್ನ ಕಾಲಿಗೋಸ್ಕರ ಮಾಡ್ದೆ ಅಂತ ಎಲ್ಲೂ ಹೇಳ್ಬೇಡ. ನನ್ನ ಕಾಲು ನಿನ್ನ ಕೇಳಿತ್ತೇನೋ?” ಅಂದ. ಹೊಡೆದವನೇ ನನ್ನ ಭುಜ ಹಿಡಿದುಕೊಂಡ, ಬೀಳದಿರಲು.

ಬದಲಿಗಳು ಸರಳು ಕೆಳಗಿಟ್ಟು ಹೊರಗೆ ಬಂದರು. ಕಾರ್ಯದರ್ಶಿ ನನ್ನ ಮುಖಕ್ಕೆ ಉಗಿದರು. ಮುಷ್ಕರ ಉಳಿಯುತ್ತದೋ ಮುರಿಯುತ್ತದೋ ತಿಳಿಯದು. ಬಿಲ್ಲೆ ಅಲ್ಲೇ ನೇತಾಡುತ್ತಿದೆ. ಹಾಕಿದವರು ಬಂದು ತೆಗೆಯುವುದಿಲ್ಲ, ಬೇರೆಯವರು ಮುಟ್ಟುವ ಹಾಗಿಲ್ಲ. ಕಂಪನಿಯವರು ಕೀಳಬಹುದು, ಎಲ್ಲರ ಕಣ್ಣೆದುರು ಕೀಳಬೇಕು.

ನಿಮಗೆ ಬರೆಯದೆ ಬಚ್ಚಿಟ್ಟ ಮಾತೊಂದಿದೆ, ಅಲ್ಲಿ ಎಲ್ಲರ ಮುಂದೆ ಅದನ್ನೂ ಹೇಳಿದೆ. ಒಳಗಿಂದ ಏನಂದ ಎಂದು ಕೇಳಿಸಲಿಲ್ಲ ಎಂದು ಬರೆದಿದ್ದೆ. ಕೇಳಿಸಿತ್ತು. ಬಿಲ್ಲೆ ತೆಗೆದ ಸದ್ದಿಗೆ ಒಳಗಿಂದ “ಇರಿ, ಇನ್ನೊಂದು ತಂತಿ ಇದೆ” ಅಂದರು. ಗಡಿಯಾರ ತನ್ನ ಜನ್ಮದಲ್ಲಿ ಯಾರಿಗೂ ‘ಇರಿ’ ಅಂದವನಲ್ಲ. ನನಗೆ ಗೊತ್ತಾಯಿತು. ಒಂದು ಉಸಿರಿನಷ್ಟು ಹೊತ್ತು ಗೊತ್ತಾಯಿತು ಅತ್ತಿಗೆ. ಕೈ ನಿಲ್ಲಲಿಲ್ಲ.

ನಿಮ್ಮ ಹದಿನಾಲ್ಕರ ಪತ್ರ ಸುಟ್ಟಿದ್ದೇನೆ. ನಿಮ್ಮ ವಿಷಯ ಯಾರಿಗೂ ಹೇಳಿಲ್ಲ. ಠಾಣೆಯವರ ಲೆಕ್ಕದಲ್ಲಿ ನೀವು ಬರೀ ಅಣ್ಣನ ಹೆಂಡತಿ, ಅಷ್ಟೇ. ಇನ್ಸ್‌ಪೆಕ್ಟರ್ ಸತ್ತವರ ನಿಜವಾದ ಹೆಸರು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ನೀವು ಬರೆದೇ ಇರಲಿಲ್ಲ.

ಮೈದುನ


ಏಪ್ರಿಲ್ 2

ಮೈದುನ,

ಊಟಕ್ಕೆ ಕರೆದಾಗಲೆಲ್ಲ ಹಾಗೇ ಅನ್ನುತ್ತಿದ್ದರು. ಇರಿ.

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಅವರ ಹೆಸರು ಬರೆಸಲು ಬರುತ್ತಿದ್ದೇನೆ, ನಿನ್ನನ್ನು ನೋಡಲು ಅಲ್ಲ. ನಿನ್ನ ಮುಖ ನೋಡುವ ದಿನ ಬರುತ್ತದೋ ಇಲ್ಲವೋ, ಸುಳ್ಳು ಭರವಸೆ ಕೊಡುವುದಿಲ್ಲ. ನಿನ್ನ ಅಣ್ಣನ ನೋಟುಪುಸ್ತಕಗಳನ್ನು ಠಾಣೆಯಲ್ಲಿ ಕೊಟ್ಟಿರುತ್ತೇನೆ. ರಟ್ಟು ಅವರು ಹಾಕಿದ್ದು. ಹೊಲಿಗೆ ನೋಡು.

ಹದಿನಾಲ್ಕರ ಪತ್ರ ಸುಟ್ಟೆ ಎಂದು ಬರೆದಿದ್ದೀಯ. ನನಗೆ ಅದು ಬಾಯಿಪಾಠ. ಇನ್ಸ್‌ಪೆಕ್ಟರ್ ಮುಂದೆ ಕೂತು ಮತ್ತೆ ಬರೆದುಕೊಡುತ್ತೇನೆ, ಕೈ ನಡುಗಬಾರದು ಎನ್ನುವ ಸಾಲಿನ ತನಕ, ಕೆಳಗೆ ನನ್ನ ಸಹಿ ಹಾಕಿ. ಒಂದಕ್ಷರವನ್ನೂ ತಿದ್ದುವುದಿಲ್ಲ.

ಅತ್ತಿಗೆ